ಪುಟ್ಟ ಮಕ್ಕಳ ಜೊತೆ ಎರೆಗೊಬ್ಬರ: ಡಬ್ಬ ಮೊದಲು, ಹುಳು ಆಮೇಲೆ, ಮಗುವಿನ ಕೈ ಕೊನೆಗೆ

ಮಕ್ಕಳ ಜೊತೆ ಎರೆಗೊಬ್ಬರ ಮಾಡಲು ಹೊರಟವರ ದೂರುಗಳು ಹೆಚ್ಚುಕಡಿಮೆ ಒಂದೇ. ಡಬ್ಬ ನಾರುತ್ತಿದೆ. ಹುಳು ಸತ್ತುಹೋದವು. ಮಗು ಮುಟ್ಟಲು ಹೆದರುತ್ತದೆ. ಇಲ್ಲವೇ ಎರಡು ದಿನ ಡಬ್ಬದ ಮುಂದೆಯೇ ಕೂತಿದ್ದ ಮಗು ಆಮೇಲೆ ಅತ್ತ ತಿರುಗಿಯೂ ನೋಡುವುದಿಲ್ಲ.

ಇವು ಬೇರೆ ಬೇರೆ ತೊಂದರೆಗಳಂತೆ ಕಾಣುತ್ತವೆ. ಮೂಲ ಮಾತ್ರ ಬಹಳ ಸಲ ಒಂದೇ: ಡಬ್ಬ, ಹುಳು, ಮಗು ಮೂರನ್ನೂ ಒಂದೇ ದಿನ ಸೇರಿಸಿಬಿಡುತ್ತೇವೆ. ಹಾಸು, ಅಂದರೆ ಹುಳುಗಳು ಬದುಕಲು ಡಬ್ಬದೊಳಗೆ ಹರಡುವ ಒದ್ದೆ ಕಾಗದ, ನಾರಿನ ಪುಡಿಯ ಪದರ, ಇನ್ನೂ ಹದಕ್ಕೆ ಬಂದಿರುವುದಿಲ್ಲ. ಹುಳುಗಳು ಹೊಸ ಜಾಗದಲ್ಲಿ ಗಾಬರಿಯಾಗಿರುತ್ತವೆ. ಮಗು ಉತ್ಸಾಹದಲ್ಲಿ ದಿನಕ್ಕೆ ನಾಲ್ಕು ಸಲ ಸಿಪ್ಪೆ ತಂದು ಸುರಿಯುತ್ತದೆ, ಹತ್ತು ಸಲ ಕೆದಕುತ್ತದೆ. ಅದಕ್ಕೇ ಇಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಹಂತಗಳ ಕ್ರಮ. ಹಂತ ಹಾರಿಸಬೇಡಿ.

ಇದು 3ರಿಂದ 7 ವರ್ಷದ ಮಕ್ಕಳಿಗೆ. ಅದಕ್ಕಿಂತ ಚಿಕ್ಕವರ ಕೈ ಸುಮ್ನೆ ಬಾಯಿಗೆ ಹೋಗುತ್ತದೆ. ಅವರು ದೊಡ್ಡವರ ಮಡಿಲಲ್ಲಿ ಕೂತು ನೋಡಲಿ, ಸಾಕು.

## ಬೇಕಾಗುವ ಸಾಮಾನು

ಡಬ್ಬ. 20ರಿಂದ 30 ಲೀಟರಿನ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬ. ಅಗಲ ಜಾಸ್ತಿ ಇರಲಿ, ಆಳ 30 ಸೆಂಟಿಮೀಟರ್ ಮೀರುವುದು ಬೇಡ. ಗೊಬ್ಬರದ ಹುಳುಗಳು ಮೇಲಿನ ಪದರಗಳಲ್ಲೇ ಓಡಾಡುತ್ತವೆ. ತೀರಾ ಆಳವಿದ್ದರೆ ತಳಕ್ಕೆ ಗಾಳಿ ಹೋಗದೆ ಕೊಳೆಯುತ್ತದೆ. ಮುಚ್ಚಳದಲ್ಲಿ ಮತ್ತು ಪಕ್ಕಗಳ ಮೇಲ್ಭಾಗದಲ್ಲಿ 5 ಮಿಲಿಮೀಟರ್ ಅಗಲದ ತೂತುಗಳಿರಲಿ. ತಳದಲ್ಲೂ ಕೆಲವು ಬೇಕು, ಅದರಡಿ ಒಂದು ತಟ್ಟೆ. ತೂತು ಕೊರೆಯುವ ಕೆಲಸ ದೊಡ್ಡವರದ್ದು.

ಮಗುವಿಗೆ ಕಾಣಲಿ ಅಂತ ಪಾರದರ್ಶಕ ಡಬ್ಬ ತರುವವರಿದ್ದಾರೆ. ಅದು ಬೇಡ. ಹುಳುಗಳಿಗೆ ಬೆಳಕು ಆಗದು. ಅವು ಗೋಡೆ ಬಿಟ್ಟು ನಡುವಿಗೆ ಸರಿದುಕೊಳ್ಳುತ್ತವೆ, ಮಗುವಿಗೆ ಕಾಣುವುದು ಬರೀ ಒದ್ದೆ ಕಾಗದ.

ಹುಳು. ತೋಟದಲ್ಲಿ ಅಗೆದಾಗ ಸಿಗುವ ಎರೆಹುಳುಗಳಲ್ಲಿ ಹೆಚ್ಚಿನವು ಮಣ್ಣಿನೊಳಗೆ ಬಿಲ ಕೊರೆದು ಬದುಕುವಂಥವು. ಸಿಪ್ಪೆ ತುಂಬಿದ ಡಬ್ಬದಲ್ಲಿ ಅವು ಉಳಿಯುವುದಿಲ್ಲ. ಮಗು ಹಿಡಿದು ತಂದರೆ ನೋಡಿ, ಮತ್ತೆ ಅಲ್ಲೇ ಬಿಟ್ಟು ಬರಲು ಹೇಳಿ. ಗೊಬ್ಬರಕ್ಕೆಂದೇ ಸಾಕುವ ಹುಳು ಬೇಕು. ಐಸೀನಿಯಾ ಫೆಟಿಡಾ ಎಂಬ ಕೆಂಪು ಹುಳು ನನ್ನ ಮೊದಲ ಆಯ್ಕೆ. ಹುಷಾರಾಗಿ ಮುಟ್ಟಿದರೆ ಸಹಿಸಿಕೊಳ್ಳುತ್ತದೆ, ಚಳಿ ಸೆಕೆ ಎರಡನ್ನೂ ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಯೂಡ್ರಿಲಸ್ ಯುಜೀನಿಯೆ ದಪ್ಪ, ಉದ್ದ. ಮಗುವಿನ ಕಣ್ಣಿಗೆ ಚೆನ್ನಾಗಿ ಬೀಳುತ್ತದೆ, ಆದರೆ ಚಳಿ ತಡೆಯುವುದಿಲ್ಲ. ಪೆರಿಯೋನಿಕ್ಸ್ ಎಕ್ಸ್‌ಕವೇಟಸ್ ತುಂಬಾ ಚುರುಕು, ಡಬ್ಬ ಬಿಟ್ಟು ಹೊರಡುವುದೂ ಬೇಗ. ಪುಟ್ಟ ಮಕ್ಕಳ ಮನೆಗೆ ಅದು ಎರಡನೇ ಸುತ್ತಿಗೆ ಇರಲಿ. ಮೊದಲ ಡಬ್ಬಕ್ಕೆ ಕಾಲು ಕಿಲೋ ಧಾರಾಳವಾಯಿತು. ಕೆಂಪು ಹುಳುವಾದರೆ ಸುಮಾರು 500 ಬರುತ್ತವೆ.

ಉಳಿದದ್ದು. ಹಳೇ ಪತ್ರಿಕೆ, ಹೊಳಪಿಲ್ಲದ ರಟ್ಟು, ತೆಂಗಿನ ನಾರಿನ ಪುಡಿ, ಒಂದು ಹಿಡಿ ಮಣ್ಣು, ಪುಡಿ ಮಾಡಿದ ಮೊಟ್ಟೆ ಚಿಪ್ಪು, ನೀರಿನ ಸ್ಪ್ರೇ ಬಾಟಲಿ, ಮರದ ಚಮಚ, ಅಂಚಿರುವ ಬಿಳಿ ತಟ್ಟೆ, ಭೂತಗನ್ನಡಿ, ಟಾರ್ಚ್, ಅದಕ್ಕೆ ಸುತ್ತಲು ಕೆಂಪು ಬಣ್ಣದ ತೆಳು ಹಾಳೆ. ಜೊತೆಗೆ ಒಂದು ಹಳೇ ಕಪ್. ಅದರ ಮೇಲೆ ಗೆರೆ ಎಳೆಯಬೇಕು. ಯಾಕೆ ಅಂತ 6ನೇ ಹಂತದಲ್ಲಿದೆ.

## 1. ಜಾಗ ಹುಡುಕುವುದು

15ರಿಂದ 25 ಡಿಗ್ರಿ ಸೆಲ್ಸಿಯಸ್ ಇದ್ದರೆ ಹುಳುಗಳಿಗೆ ಹಿತ. 30 ದಾಟಿದರೆ ಕಷ್ಟ, 35 ದಾಟಿದರೆ ಸಾಯತೊಡಗುತ್ತವೆ. ಹಾಗಾಗಿ ಬಿಸಿಲು ಬೀಳದ, ಮಳೆ ಸಿಡಿಯದ ಜಾಗ ಬೇಕು. ಅದುರುವ ಯಂತ್ರದ ಪಕ್ಕ ಇಡಬೇಡಿ, ಹುಳುಗಳಿಗೆ ಅದುರುವಿಕೆ ಚೆನ್ನಾಗಿ ಗೊತ್ತಾಗುತ್ತದೆ.

ಇನ್ನೊಂದು ಮಾತು. ಮಗು ನಿಂತರೆ ಒಳಗೆ ಬಗ್ಗಿ ನೋಡುವಷ್ಟು ಎತ್ತರದಲ್ಲಿ ಡಬ್ಬ ಇರಲಿ, ಆದರೆ ಮುಚ್ಚಳ ಒಬ್ಬನೇ ತೆರೆಯುವಷ್ಟು ಸಡಿಲ ಇರಬಾರದು. ಹುಳುಗಳಿಗೆ ನೆಮ್ಮದಿ ಸಿಗುವುದು ಈ ಮುಚ್ಚಳದಿಂದಲೇ.

## 2. ಹಾಸು ಮಾಡುವುದು: ಮಗುವಿನ ಮೊದಲ ಕೆಲಸ

ಇಲ್ಲಿಂದ ಮಗು ಬರಲಿ. ಕಾಗದ ಹರಿಯುವುದು ಅಂದ್ರೆ ಮಕ್ಕಳಿಗೆ ಇಷ್ಟ ಅಲ್ವಾ? 2-3 ಸೆಂಟಿಮೀಟರ್ ಅಗಲದ ಪಟ್ಟಿಗಳಾಗಿ ಹರಿಯಲು ಕೊಡಿ. ಪಟ್ಟಿ ಅಗಲವಾದರೆ ಒದ್ದೆಯಾದ ಮೇಲೆ ಒಂದಕ್ಕೊಂದು ಅಂಟಿ ಗಾಳಿ ನಿಲ್ಲುತ್ತದೆ. ಹೊಳಪಿನ ಕಾಗದ, ಪ್ಲಾಸ್ಟಿಕ್ ಲೇಪನದ ರಟ್ಟು, ಅಂಟುಪಟ್ಟಿ ಬೇರೆ ಮಾಡಬೇಕು. ಆರಿಸುವ ಕೆಲಸವನ್ನೂ ಮಗುವಿಗೇ ಕೊಡಿ.

ಕಾಗದವನ್ನು ನೀರಿನಲ್ಲಿ ನೆನೆಸಿ ಹಿಂಡಿ. ನಾರಿನ ಪುಡಿಯಲ್ಲಿ ಉಪ್ಪಿನಂಶ ಉಳಿದಿರಬಹುದು. ಅದನ್ನು ಎರಡು ಮೂರು ನೀರಿನಲ್ಲಿ ತೊಳೆದು ಸೇರಿಸಿ. ಒಂದು ಹಿಡಿ ಮಣ್ಣು ಹಾಕಿ. ಕೊಳೆಸುವ ಸೂಕ್ಷ್ಮಜೀವಿಗಳು ಅದರಿಂದ ಬರುತ್ತವೆ. ಹುಳುವಿಗೆ ಹಲ್ಲಿಲ್ಲ. ನುಂಗಿದ್ದನ್ನು ಹೊಟ್ಟೆಯೊಳಗೆ ಅರೆಯಲು ಮಣ್ಣಿನ ಹರಳು ಬೇಕು. ಎಲ್ಲ ಕಲಸಿ 15ರಿಂದ 20 ಸೆಂಟಿಮೀಟರ್ ದಪ್ಪಕ್ಕೆ ಹರಡಿ, ಒತ್ತಬೇಡಿ.

ತೇವ ಸರಿಯಿದೆಯಾ ಅಂತ ನೋಡಲು ಒಂದು ಮುಷ್ಟಿ ತೆಗೆದು ಗಟ್ಟಿಯಾಗಿ ಹಿಂಡಿ. ಒಂದೆರಡು ಹನಿ ಬಿದ್ದರೆ ಸರಿ. ಧಾರೆಯಾಗಿ ಸುರಿದರೆ ಒಣ ಕಾಗದ ಸೇರಿಸಿ. ಏನೂ ಬೀಳದಿದ್ದರೆ ಸ್ಪ್ರೇ ಮಾಡಿ. ಈ ಮುಷ್ಟಿ ಪರೀಕ್ಷೆಯನ್ನು ಮಗುವಿಗೆ ಈಗಲೇ ಕಲಿಸಿ, ಕೊನೆಯವರೆಗೂ ಬೇಕಾಗುತ್ತದೆ.

ಈಗ ಒಂದೆರಡು ಚೂರು ಸಿಪ್ಪೆ ಹೂತು, ಮುಚ್ಚಿ, ಒಂದು ವಾರ ಬಿಡಿ. ಹೆಚ್ಚಿನವರು ಹಾರಿಸುವ ಹಂತ ಇದೇ. ಈ ವಾರದಲ್ಲಿ ಹಾಸಿನಲ್ಲಿ ಸೂಕ್ಷ್ಮಜೀವಿಗಳು ಹೆಚ್ಚುತ್ತವೆ. ಹುಳು ತಿನ್ನುವುದು ಮುಖ್ಯವಾಗಿ ಅವನ್ನೂ ಅವು ಮೆತ್ತಗಾಗಿಸಿದ್ದನ್ನೂ, ಹಸಿ ಸಿಪ್ಪೆಯನ್ನಲ್ಲ. ವಾರದ ಕೊನೆಗೆ ಹಾಸಿನ ನಡುವೆ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ಹುಳು ಬಿಡಬೇಡಿ. ಒಳಗೆ ಕಾವು ಏಳುತ್ತಿದೆ ಎಂದರ್ಥ. ತಣ್ಣಗಾಗುವವರೆಗೆ ಕಾಯಿರಿ.

ಹಸಿ ಸಗಣಿ ಹಾಕಬಹುದಾ ಅಂತ ಕೇಳುವವರಿದ್ದಾರೆ. ಮಕ್ಕಳು ಕೈ ಹಾಕುವ ಡಬ್ಬಕ್ಕೆ ಬೇಡ. ಕಾವೂ ಏಳುತ್ತದೆ, ಹೊಟ್ಟೆ ಕೆಡಿಸುವ ರೋಗಾಣುಗಳೂ ಇರಬಹುದು. ಸಾಕುಪ್ರಾಣಿಗಳ ಮಲವಂತೂ ಖಂಡಿತ ಬೇಡ.

## 3. ಮಗುವನ್ನು ಸಿದ್ಧ ಮಾಡುವುದು

ಹಾಸು ಹದವಾಗುತ್ತಿರುವ ವಾರದಲ್ಲೇ ಮಾತು ಶುರುವಾಗಲಿ. ಹುಳುವಿಗೆ ಕಣ್ಣಿಲ್ಲ, ಆದರೆ ಚರ್ಮಕ್ಕೆ ಬೆಳಕು ಗೊತ್ತಾಗುತ್ತದೆ. ಮೂಗಿಲ್ಲ, ಶ್ವಾಸಕೋಶವೂ ಇಲ್ಲ. ಉಸಿರಾಡುವುದು ಒದ್ದೆ ಚರ್ಮದಿಂದ. ಚರ್ಮ ಒಣಗಿದರೆ ಅದಕ್ಕೆ ಉಸಿರು ಕಟ್ಟುತ್ತದೆ. ಇಷ್ಟು ಹೇಳಿದರೆ "ಒಣ ಕೈಯಲ್ಲಿ ಮುಟ್ಟಬಾರದು" ಅನ್ನುವ ನಿಯಮವನ್ನು ಮಗುವೇ ಹೇಳುತ್ತದೆ. ಕಾರಣ ತಿಳಿದ ನಿಯಮವನ್ನು ಮಕ್ಕಳು ನಾವಂದುಕೊಂಡದ್ದಕ್ಕಿಂತ ಚೆನ್ನಾಗಿ ಪಾಲಿಸುತ್ತಾರೆ.

"ಕತ್ತರಿಸಿದರೆ ಎರಡು ಹುಳು ಆಗ್ತವಂತೆ?" ಈ ಪ್ರಶ್ನೆ ಬಂದೇ ಬರುತ್ತದೆ. ಬರದಿದ್ದರೆ ನೀವೇ ತೆಗೆಯಿರಿ. ಆಗುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿ. ತಲೆಯ ಭಾಗ ಕೆಲವೊಮ್ಮೆ ಬದುಕೀತು, ಬಾಲದ ತುಂಡು ಇನ್ನೊಂದು ಹುಳು ಆಗುವುದಿಲ್ಲ. ಇದನ್ನು ಮೊದಲೇ ಹೇಳದಿದ್ದರೆ ಯಾವುದಾದರೂ ಮಗು ಪರೀಕ್ಷೆ ಮಾಡಿಯೇ ನೋಡುತ್ತದೆ. ಅದು ಕ್ರೌರ್ಯವಲ್ಲ, ಕುತೂಹಲ. ಆದರೆ ನೋವು ಹುಳುವಿನದು.

ನಿಯಮ ನಾಲ್ಕು ಸಾಕು. ಕೈ ಒದ್ದೆ ಮಾಡಿಕೊಳ್ಳಬೇಕು. ಹುಳುವನ್ನು ತಟ್ಟೆಯ ಮೇಲೇ ಹಿಡಿಯಬೇಕು. ಸ್ವಲ್ಪ ಹೊತ್ತಿಗೆ ವಾಪಸ್ ಬಿಡಬೇಕು. ಕೊನೆಗೆ ಸೋಪು ಹಚ್ಚಿ 20 ಸೆಕೆಂಡ್ ಕೈ ತೊಳೆಯಬೇಕು. ಕೈಯಲ್ಲಿ ಗಾಯವಿದ್ದರೆ ಪಟ್ಟಿ, ಮೇಲೆ ಕೈಗವಸು. ಕೆಲಸದ ನಡುವೆ ಏನೂ ತಿನ್ನುವಂತಿಲ್ಲ, ಮುಖ ಮುಟ್ಟುವಂತಿಲ್ಲ. ಆಸ್ತಮಾ ಇರುವ ಅಥವಾ ರೋಗನಿರೋಧಕ ಶಕ್ತಿ ಕಡಿಮೆ ಇರುವ ಮಗುವಾದರೆ ಶುರು ಮಾಡುವ ಮುಂಚೆ ವೈದ್ಯರನ್ನು ಕೇಳಿ. ಕೊಳೆಯುವ ಹಾಸಿನಲ್ಲಿ ಬೂಷ್ಟು ಸಹಜ, ಅದರ ಕಣಗಳು ಉಸಿರಿನ ಜೊತೆ ಒಳಗೆ ಹೋಗಬಹುದು.

## 4. ಹುಳುಗಳ ಮನೆಪ್ರವೇಶ

ಹುಳು ಬಂದ ದಿನ ತಡಮಾಡದೆ ಬಿಡಿ. ಹಾಸಿನ ಮೇಲೆ ಮೆಲ್ಲಗೆ ಹರಡಿ, ಮುಚ್ಚಳ ತೆರೆದಿಟ್ಟು, ಮೇಲೆ ದೀಪ ಉರಿಸಿ. ಬೆಳಕಿಗೆ ಬೆದರಿ ತಾವೇ ಕೆಳಗಿಳಿಯುತ್ತವೆ. ನೀವು ಹೂಳಬೇಕಾಗಿಲ್ಲ. ಮಗು ಪಕ್ಕದಲ್ಲಿ ಕೂತು ಇದನ್ನೆಲ್ಲ ನೋಡಲಿ, ಕೈ ಮಾತ್ರ ಬೆನ್ನ ಹಿಂದೆ. ಒಂದು ಗಂಟೆಯ ನಂತರವೂ ಮೇಲೇ ಮಲಗಿರುವ ಹುಳುಗಳನ್ನು ತೆಗೆದುಬಿಡಿ. ಅವು ಸತ್ತಿರಬಹುದು ಅಥವಾ ತೀರಾ ಬಳಲಿರಬಹುದು.

ಮೊದಲ ಕೆಲವು ರಾತ್ರಿ ಕೆಲವು ಹುಳುಗಳು ಗೋಡೆ ಹತ್ತುತ್ತವೆ. ಗಾಬರಿ ಬೇಡ. ಡಬ್ಬದ ಮೇಲೆ ರಾತ್ರಿಯಿಡೀ ಸಣ್ಣ ದೀಪ ಇಡಿ, ಒಳಗೇ ಉಳಿಯುತ್ತವೆ. ಮೂರು ದಿನ ಊಟ ಹಾಕಬೇಡಿ. ಹಾಸೇ ಅವುಗಳ ಊಟ. ಒಂದು ವಾರ ಕೆದಕುವುದೂ ಬೇಡ.

ಈ ಕಾಯುವ ವಾರ ಮಗುವಿಗೆ ಕಷ್ಟ. ಅದಕ್ಕೆ ಕೆಂಪು ಟಾರ್ಚ್ ಇದೆ. ಕೆಂಪು ಬೆಳಕು ಹುಳುಗಳಿಗೆ ಅಷ್ಟಾಗಿ ತಟ್ಟುವುದಿಲ್ಲ. ಸಂಜೆ ಕೋಣೆ ಕತ್ತಲು ಮಾಡಿ, ಮೆಲ್ಲಗೆ ಮುಚ್ಚಳ ಸರಿಸಿ, ಕೆಂಪು ಬೆಳಕಿನಲ್ಲಿ ಇಣುಕಿ. ಮೇಲ್ಪದರದಲ್ಲಿ ಓಡಾಡುವ ಹುಳುಗಳು ಕಾಣಸಿಗುತ್ತವೆ. ಆಮೇಲೆ ಕೆಂಪು ಹಾಳೆ ತೆಗೆದು ಬಿಳಿ ಬೆಳಕು ಹಾಯಿಸಿ. ಎಲ್ಲ ಸರ್ರನೆ ಒಳಗೆ! ಒಂದು ಸಲ ಮಾತ್ರ ತೋರಿಸಿ, ಆಟವಾಗುವುದು ಬೇಡ.

## 5. ಮೊದಲ ಸ್ಪರ್ಶ

ಬಿಳಿ ತಟ್ಟೆಯಲ್ಲಿ ಸ್ವಲ್ಪ ಒದ್ದೆ ಹಾಸು, ಅದರ ಮೇಲೆ ಎರಡು ಮೂರು ಹುಳು. ಮೊದಲು ಭೂತಗನ್ನಡಿಯಲ್ಲಿ ನೋಡಲಿ. ತಲೆ ಯಾವ ಕಡೆ? ಕತ್ತಿನ ಹತ್ತಿರ ಉಬ್ಬಿದ ಪಟ್ಟಿ ಇದೆಯಾ? ಇದ್ದರೆ ಅದು ಬೆಳೆದ ಹುಳು. ತಲೆ ಸಾಮಾನ್ಯವಾಗಿ ಆ ಪಟ್ಟಿಗೆ ಹತ್ತಿರದ ತುದಿಯಲ್ಲಿರುತ್ತದೆ.

ಆಮೇಲೆ ಒದ್ದೆ ಬೆರಳಿನಿಂದ ಬಾಲದಿಂದ ತಲೆಯ ಕಡೆಗೆ ಮೆಲ್ಲಗೆ ಸವರಲಿ. ದೊಡ್ಡ ಹುಳುವಾದರೆ ಸಣ್ಣ ತರಿ ತರಿ ಅನುಭವ ಆಗುತ್ತದೆ. ಅವು ಮಣ್ಣನ್ನು ಹಿಡಿದು ಮುಂದೆ ಸಾಗಲು ಇರುವ ಸೂಕ್ಷ್ಮ ಬಿರುಗೂದಲು. ಕೈಗೆ ಎತ್ತಿಕೊಳ್ಳುವುದು ಇನ್ನೊಂದು ದಿನಕ್ಕಿರಲಿ.

ಎಚ್ಚರಿಕೆಯ ಗುರುತು: ಹುಳು ಜೋರಾಗಿ ಚಿಮ್ಮಿದರೆ, ಅಥವಾ ಮೈಯಿಂದ ಹಳದಿ ಬಣ್ಣದ, ವಾಸನೆಯ ದ್ರವ ಬಿಟ್ಟರೆ ಅದಕ್ಕೆ ತೊಂದರೆಯಾಗಿದೆ. ಕೂಡಲೇ ಒಳಗೆ ಬಿಡಿ.

ಹೆದರುವ ಮಗುವನ್ನು ಒತ್ತಾಯ ಮಾಡಬೇಡಿ. "ಇಷ್ಟು ಚಿಕ್ಕ ಹುಳಕ್ಕೆ ಹೆದರ್ತೀಯಾ?" ಅನ್ನುವ ಮಾತು ಮಗುವನ್ನು ಡಬ್ಬದಿಂದ ಶಾಶ್ವತವಾಗಿ ದೂರ ಮಾಡಬಹುದು. ಮುಟ್ಟದೆಯೂ ಮಾಡುವ ಕೆಲಸ ಬೇಕಾದಷ್ಟಿದೆ: ಸ್ಪ್ರೇ, ಕಾಗದ, ಟಾರ್ಚ್, ಚಿತ್ರ ಬಿಡಿಸುವುದು. ನಿಮ್ಮ ಮುಖದ ಮೇಲೂ ಕಣ್ಣಿರಲಿ. ನೀವು "ಛೀ" ಅಂದರೆ ಮಗುವೂ ಅದನ್ನೇ ಕಲಿಯುತ್ತದೆ. ನಿಮಗೇ ಅಸಹ್ಯವಾದರೆ ಮಗುವನ್ನು ಕರೆಯುವ ಮುಂಚೆ ಒಬ್ಬರೇ ಕೂತು ಒಂದೆರಡು ಸಲ ಮುಟ್ಟಿ ರೂಢಿ ಮಾಡಿಕೊಳ್ಳಿ.

## 6. ಊಟ: ಡಬ್ಬ ಕೆಡುವುದು ಇಲ್ಲೇ

ಮಗುವಿಗೆ ಊಟ ಹಾಕುವ ಕೆಲಸ ಒಂದನ್ನೇ ಕೊಟ್ಟರೆ ಡಬ್ಬ ಕೊಳೆಯುತ್ತದೆ. ಪ್ರೀತಿ ತೋರಿಸಲು ಮಗುವಿಗೆ ಬೇರೆ ದಾರಿಯೇ ಇರುವುದಿಲ್ಲ, ಹಾಗಾಗಿ ಹಾಕುತ್ತಲೇ ಇರುತ್ತದೆ. ತಿನ್ನದೆ ಉಳಿದದ್ದು ಹುಳಿಯುತ್ತದೆ, ಕಾವು ಏಳುತ್ತದೆ, ಹುಳು ಸಾಯುತ್ತವೆ.

ನಾನು ಹೇಳುವ ಉಪಾಯ ಇದು. ಮಗುವನ್ನು ತಪಾಸಣೆಗೆ ನೇಮಿಸಿ. ಮರದ ಚಮಚದಿಂದ ಹಿಂದಿನ ಸಲ ಹೂತ ಮೂಲೆಯನ್ನು ಮೆಲ್ಲಗೆ ಸರಿಸಿ ನೋಡಬೇಕು. ಸಿಪ್ಪೆ ಗುರುತು ಸಿಗದಷ್ಟು ಕರಗಿದೆಯಾ? ಹಾಗಿದ್ದರೆ ಇವತ್ತು ಊಟ. ಇನ್ನೂ ಕಾಣುತ್ತಿದೆಯಾ? ಹಾಗಾದರೆ ಇಲ್ಲ. ತೀರ್ಪು ಮಗುವಿನದೇ. "ಇವತ್ತು ಬೇಡ, ಅವುಗಳ ಹೊಟ್ಟೆ ತುಂಬಿದೆ" ಅಂತ ಮಗು ಹೇಳುವ ದಿನ ಬಂದರೆ ನಿಮ್ಮ ಡಬ್ಬ ಕೆಡುವ ಭಯ ಬಹುಪಾಲು ಹೋಯಿತು.

ಅಳತೆಗೆ ಆ ಕಪ್. ಸುಮಾರು 125 ಗ್ರಾಂ ಹೆಚ್ಚಿದ ಸಿಪ್ಪೆ ಹಿಡಿಯುವ ಕಡೆ ಗೆರೆ ಎಳೆಯಿರಿ. ಕಾಲು ಕಿಲೋ ಹುಳುವಿಗೆ ಮೊದಲ ತಿಂಗಳು ವಾರಕ್ಕೆ ಎರಡು ಸಲ, ಗೆರೆಯವರೆಗೆ ಮಾತ್ರ. ಆಮೇಲೆ ಬೇಗ ಖಾಲಿಯಾಗುತ್ತಿದ್ದರೆ ವಾರಕ್ಕೆ ಮೂರು ಸಲ, ನಾಲ್ಕು ಸಲ. ನಾಲ್ಕು ದಿನ ಹಾಕದಿದ್ದರೂ ಹುಳುಗಳಿಗೆ ಏನೂ ಆಗುವುದಿಲ್ಲ, ಹಾಸು ತಿನ್ನುತ್ತವೆ. ಹೆಚ್ಚು ಹಾಕಿದರೆ ಮಾತ್ರ ಸರಿಪಡಿಸುವುದು ಕಷ್ಟ.

ಸಿಪ್ಪೆಯನ್ನು ಬೆರಳಿನ ಉಗುರಿನಷ್ಟು ಚಿಕ್ಕದಾಗಿ ಹೆಚ್ಚಿ. ಪ್ರತಿ ಸಲ ಬೇರೆ ಮೂಲೆಯಲ್ಲಿ 4-5 ಸೆಂಟಿಮೀಟರ್ ಆಳಕ್ಕೆ ಹೂತು ಮೇಲೆ ಒಣ ಕಾಗದ ಹೊದಿಸಿ. ಯಾವ ಮೂಲೆ ಅಂತ ಮರೆಯದಿರಲು ಮಗು ಒಂದು ಕಡ್ಡಿ ನೆಡಲಿ.

ಹಾಕಬಹುದಾದದ್ದು: ಬಾಳೆಹಣ್ಣು, ಸೌತೆ, ಕ್ಯಾರೆಟ್, ಕುಂಬಳದ ಸಿಪ್ಪೆ, ಸೊಪ್ಪು, ಸೋಸಿದ ಟೀ ಮತ್ತು ಕಾಫಿ ಚರಟ. ಎರಡು ವಾರಕ್ಕೊಮ್ಮೆ ಒಂದು ಚಮಚ ಮೊಟ್ಟೆ ಚಿಪ್ಪಿನ ಪುಡಿ. ಬೇಡದ್ದು: ಮಾಂಸ, ಮೀನು, ಹಾಲಿನ ಪದಾರ್ಥ, ಎಣ್ಣೆ, ಉಪ್ಪು, ಖಾರ. ಈರುಳ್ಳಿ, ಬೆಳ್ಳುಳ್ಳಿ, ನಿಂಬೆ ಜಾತಿಯ ಹಣ್ಣುಗಳನ್ನೂ ದೂರವಿಡಿ. ಬೇಯಿಸಿದ ಅಡುಗೆಯಲ್ಲಿ ಉಪ್ಪು, ಎಣ್ಣೆ ಇದ್ದೇ ಇರುತ್ತದೆ. ಮಗು ತಟ್ಟೆಯಲ್ಲಿ ಬಿಟ್ಟ ಊಟವನ್ನು ಡಬ್ಬಕ್ಕೆ ತಳ್ಳುವ ಆಸೆ ಆಗುತ್ತದೆ. ಬಿಡಬೇಡಿ.

## 7. ವಾರ ವಾರದ ಕೆಲಸ, ಹೊಸ ಹೊಸ ಕುತೂಹಲ

ವಾರಕ್ಕೊಮ್ಮೆ ಮುಷ್ಟಿ ಪರೀಕ್ಷೆ, ಬೇಕಿದ್ದರೆ ಸ್ಪ್ರೇ, ಒಂದು ಹಿಡಿ ಹೊಸ ಕಾಗದ. ಇಷ್ಟೇ. ಹುಳು ಎತ್ತಿ ಆಡಿಸುವುದು ವಾರಕ್ಕೆ ಒಂದು ಸಲಕ್ಕೆ ನಿಲ್ಲಲಿ.

ಮಗುವಿನ ಆಸಕ್ತಿ ಇಳಿಯುವ ಹೊತ್ತಿಗೆ, ಅಂದರೆ ಒಂದು ತಿಂಗಳು ಕಳೆದ ಮೇಲೆ, ಮೊಟ್ಟೆ ಹುಡುಕುವ ಆಟ ಶುರು ಮಾಡಿ. ಕೆಂಪು ಹುಳುವಿನ ಮೊಟ್ಟೆಕೋಶ 3-4 ಮಿಲಿಮೀಟರ್ ಉದ್ದ, ಎರಡೂ ತುದಿ ಚೂಪು, ಮೊದಲು ತಿಳಿ ಹಳದಿ. ಒಡೆಯುವ ಹೊತ್ತಿಗೆ ಕೆಂಪಗಾಗುತ್ತದೆ. ಮೂರು ನಾಲ್ಕು ವಾರದಲ್ಲಿ ಒಂದು ಕೋಶದಿಂದ ಎರಡು, ಮೂರು, ಕೆಲವೊಮ್ಮೆ ಇನ್ನೂ ಹೆಚ್ಚು ಮರಿಗಳು ಬರುತ್ತವೆ. ದಾರದ ತುಂಡಿನಷ್ಟು ತೆಳು, ಒಳಗಿನ ರಕ್ತ ಕೆಂಪಗೆ ಕಾಣುತ್ತದೆ. ಗಂಡು ಹುಳು ಯಾವುದು, ಹೆಣ್ಣು ಯಾವುದು ಎಂದು ಮಗು ಕೇಳಿದರೆ, ಪ್ರತಿ ಹುಳುವೂ ಎರಡೂ ಹೌದು ಎಂದು ಹೇಳಿ. ಮಕ್ಕಳು ಅದನ್ನು ಸಲೀಸಾಗಿ ಒಪ್ಪಿಕೊಳ್ಳುತ್ತಾರೆ.

ಸತ್ತ ಹುಳು ಕಂಡರೆ ಮುಚ್ಚಿಡಬೇಡಿ. ಅದರ ಮೈಯಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರೇ ಇರುವುದರಿಂದ ಬೇಗ ಕರಗಿ ಗೊಬ್ಬರದಲ್ಲಿ ಸೇರುತ್ತದೆ. ಮಗು ಅತ್ತರೆ ಅಳಲಿ. ಪಕ್ಕದಲ್ಲಿ ಕೂತಿರಿ.

## ಎಚ್ಚರಿಕೆಯ ಗುರುತುಗಳು

ಕೆಟ್ಟ ವಾಸನೆ. ಸರಿಯಾದ ಡಬ್ಬದಿಂದ ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ನಾತ ಬಂದರೆ ಊಟ ಜಾಸ್ತಿಯಾಗಿದೆ ಅಥವಾ ನೀರು ನಿಂತಿದೆ. ಉಳಿದ ಸಿಪ್ಪೆ ತೆಗೆದು, ಒಣ ರಟ್ಟಿನ ಚೂರು ಬೆರೆಸಿ, ಒಂದು ವಾರ ಊಟ ನಿಲ್ಲಿಸಿ.

ಹುಳುಗಳೆಲ್ಲ ಮುಚ್ಚಳಕ್ಕೆ. ಮೊದಲ ವಾರದಲ್ಲೋ ಮಳೆ ಬರುವ ಮುಂಚೆಯೋ ಕೆಲವು ಹತ್ತುವುದು ಮಾಮೂಲು. ಗುಂಪಾಗಿ ಹತ್ತಿದರೆ ಒಳಗೆ ಬಿಸಿ, ಹುಳಿ ಅಥವಾ ಕೆಸರು ಇದೆ. ಅವತ್ತೇ ಅರ್ಧ ಹಾಸು ಬದಲಿಸಿ.

ಮೈಯಲ್ಲಿ ಮಣಿ ಪೋಣಿಸಿದಂತೆ ಗಂಟು. ಇದು ಗಂಭೀರ. ತೀರಾ ಹುಳಿಯಾದ ಅಥವಾ ಪ್ರೋಟೀನ್ ಜಾಸ್ತಿಯಿರುವ ಊಟದಿಂದ ಹೀಗಾಗುತ್ತದೆ. ಹೊಸ ಹಾಸು, ಮೊಟ್ಟೆ ಚಿಪ್ಪಿನ ಪುಡಿ, ಉಪವಾಸ.

ಹಣ್ಣಿನ ನೊಣ. ಸಿಪ್ಪೆ ಮೇಲೇ ಬಿದ್ದಿದೆ. ಆಳಕ್ಕೆ ಹೂಳಿ. ಸಿಪ್ಪೆಯನ್ನು ಒಂದು ರಾತ್ರಿ ಫ್ರೀಜರಿನಲ್ಲಿಟ್ಟು, ಕರಗಿಸಿ ಹಾಕಿದರೆ ನೊಣದ ಮೊಟ್ಟೆಗಳು ಸಾಯುತ್ತವೆ, ಸಿಪ್ಪೆಯೂ ಮೆತ್ತಗಾಗುತ್ತದೆ.

ಇರುವೆ. ಹಾಸು ಒಣಗಿದೆ. ನೀರು ಚಿಮುಕಿಸಿ, ಡಬ್ಬವನ್ನು ಸ್ಟೂಲಿನ ಮೇಲಿಟ್ಟು ಅದರ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿ. ಇರುವೆ ಪುಡಿ, ಕೀಟನಾಶಕ ಹತ್ತಿರವೂ ಬೇಡ. ಹುಳುವಿಗೂ ಅಪಾಯ, ಮಗುವಿಗೂ ಅಪಾಯ.

ಬಿಳಿ ಪುಟ್ಟ ಹುಳುಗಳು. ಮರಿಗಳೆಂದು ಮಕ್ಕಳು ಖುಷಿಪಡುತ್ತಾರೆ. ಪೂರ್ತಿ ಬಿಳಿಯಿದ್ದರೆ ಅದು ಬೇರೆ ಜಾತಿ, ಹಾನಿಯಿಲ್ಲ. ತುಂಬಾ ಹೆಚ್ಚಿದರೆ ಒಳಗೆ ಹುಳಿ, ಒದ್ದೆ ಜಾಸ್ತಿಯಾಗಿದೆ ಎಂದು ತಿಳಿಯಿರಿ.

## 8. ಗೊಬ್ಬರ ತೆಗೆಯುವುದು

ಮೂರರಿಂದ ನಾಲ್ಕು ತಿಂಗಳಲ್ಲಿ ಕಾಗದ ಕಾಣದಂತಾಗಿ ಕಪ್ಪು, ಪುಡಿಪುಡಿ ಗೊಬ್ಬರ ಉಳಿಯುತ್ತದೆ. ಎರಡು ವಾರ ಊಟ ನಿಲ್ಲಿಸಿ. ಆಮೇಲೆ ನೆಲಕ್ಕೆ ಹಾಳೆ ಹಾಸಿ, ಜೋರು ಬೆಳಕಿನ ಕೆಳಗೆ ಗೊಬ್ಬರವನ್ನು ಚಿಕ್ಕ ಚಿಕ್ಕ ಗೋಪುರಗಳಾಗಿ ಸುರಿಯಿರಿ. ಬಿಸಿಲಿನಲ್ಲಿ ಬೇಡ. ಹುಳುಗಳು ಬೆಳಕಿಗೆ ಬೆದರಿ ಕೆಳಗಿಳಿಯುತ್ತವೆ. ಹತ್ತು ನಿಮಿಷಕ್ಕೊಮ್ಮೆ ಮೇಲಿನ ಪದರ ಬಾಚಿ ತೆಗೆಯುತ್ತಾ ಹೋದರೆ ಕೊನೆಗೆ ಬುಡದಲ್ಲಿ ಹುಳುಗಳ ಗುಡ್ಡೆ ಸಿಗುತ್ತದೆ. ಅವನ್ನು ಮೊದಲೇ ಹದ ಮಾಡಿಟ್ಟ ಹೊಸ ಹಾಸಿನ ಮೇಲೆ ಬಿಡಿ. ಬಾಚಿದ ಗೊಬ್ಬರದಲ್ಲಿ ಮೊಟ್ಟೆಕೋಶಗಳಿರುತ್ತವೆ. ಚುರುಕು ಕಣ್ಣಿನ ಮಕ್ಕಳು ಅವನ್ನು ಆರಿಸಿ ವಾಪಸ್ ಹಾಕಲಿ.

ಜರಡಿ ಹಿಡಿಯುವ ಯೋಚನೆ ಬಿಡಿ. ಮಕ್ಕಳ ಕೈಯಲ್ಲಿ ಜರಡಿ ಎಂದರೆ ಹುಳುಗಳಿಗೆ ಗಾಯ.

ಗಿಡಕ್ಕೆ ಹಾಕುವಾಗ ಒಂದು ಪಾಲು ಗೊಬ್ಬರ, ನಾಲ್ಕು ಪಾಲು ಮಣ್ಣು. ಮಗು ಒಂದು ಕುಂಡಕ್ಕೆ ಗೊಬ್ಬರ ಬೆರೆಸಿ, ಇನ್ನೊಂದಕ್ಕೆ ಬೆರೆಸದೆ ಒಂದೇ ಬಗೆಯ ಬೀಜ ಬಿತ್ತಲಿ. ತಳದ ತಟ್ಟೆಯಲ್ಲಿ ಸೇರುವ ಕಪ್ಪು ನೀರು ಬೇರೆಯೇ ಮಾತು. ಅದು ಕೊಳೆತದ್ದರಿಂದ ಇಳಿದ ನೀರು. ಹಸಿಯಾಗಿ ತಿನ್ನುವ ಸೊಪ್ಪು, ಹಣ್ಣಿನ ಗಿಡಗಳಿಗೆ ಹಾಕಬೇಡಿ. ಹತ್ತು ಪಟ್ಟು ನೀರು ಬೆರೆಸಿ ಹೂವಿನ ಗಿಡದ ಬುಡಕ್ಕೆ ಹಾಕಿ. ನಾರುತ್ತಿದ್ದರೆ ಚೆಲ್ಲಿಬಿಡಿ. ಅದು ಪದೇ ಪದೇ ತುಂಬುತ್ತಿದ್ದರೆ ಹಾಸು ಒದ್ದೆ ಜಾಸ್ತಿಯಾಗಿದೆ.

ಹುಳುಗಳು ಡಬ್ಬ ಮೀರಿ ಹೆಚ್ಚಿದರೆ ಎರಡನೇ ಡಬ್ಬ ಹೂಡಿ, ಅಥವಾ ಗೊಬ್ಬರ ಮಾಡುವ ಇನ್ನೊಂದು ಮನೆಗೆ ಕೊಡಿ. ಸ್ವತಂತ್ರ ಮಾಡೋಣ ಎಂದು ಮಗು ಕೇಳಿದರೂ ಕಾಡಿನಲ್ಲೋ ಹೊಳೆ ದಂಡೆಯಲ್ಲೋ ಬಿಡಬೇಡಿ. ಗೊಬ್ಬರದ ಹುಳು ಅಲ್ಲಿನ ಜಾತಿಯಲ್ಲದೆ ಇರಬಹುದು. ಅದು ಅಲ್ಲಿ ನೆಲೆಯೂರಿದರೆ ಅಲ್ಲಿನ ಮಣ್ಣಿಗೂ ಜೀವಿಗಳಿಗೂ ತೊಂದರೆ.